ಹಲಗಿ ಪಕ್ಕದ ಚೀಟಿ ಯಾರು ಬರೀಬೇಕು?

ಇವತ್ತು ಸ್ವಲ್ಪ ಉದ್ದ ಬರೀತೀನಿ. ಪುರುಸೊತ್ತು ಮಾಡ್ಕೊಂಡು ಓದ್ರಿ. ಮನ್ಯಾಗ ಡಿಗ್ರಿ ಮುಗಿಸಿದ ಹೆಣ್ಮಕ್ಕಳು ಇದ್ದವರಂತೂ ತಪ್ಪದೇ ಓದ್ರಿ.

ಹೋದ ತಿಂಗಳು ತಿಕೋಟಾದಾಗ ನಮ್ಮ ಓಣಿಗೆ ಒಂದು ಟಂಟಂ ಬಂದಿತ್ತು. ಹಳೇ ಸಾಮಾನು ಕೊಳ್ಳೋರು. ತಾಮ್ರದ ಕೊಡ, ಹಿತ್ತಾಳಿ ತಂಬಿಗಿ, ಎತ್ತಿನ ಕೊರಳ ಗಂಟಿ, ಬೀಸೋ ಕಲ್ಲು ಏನಿದ್ರೂ ತಗೋತಿದ್ರು. ನಮ್ಮ ವೈನಿ ಅಟ್ಟದ ಮೇಲಿದ್ದ ಹಲಗಿ ತೆಗೆದು ಕೊಟ್ಟಳು. ನಾಕುನೂರು ರೂಪಾಯಿ ಬಂತು. ಅವಳ ತಪ್ಪಿಲ್ಲ. ಇಪ್ಪತ್ತೈದು ವರ್ಷ ಯಾರೂ ಮುಟ್ಟಿರಲಿಲ್ಲ, ಇಲಿ ಕಡೀತಿದ್ವು.

ಸಂಜಿಮುಂದ ಅಣ್ಣನ ಮಗಳು ಮನಿಗೆ ಬಂದು ವಿಷಯ ಕೇಳಿ ಬಸ್ ಸ್ಟ್ಯಾಂಡ್‌ವರೆಗೂ ಓಡಿ ಹೋಗಿದ್ದಳಂತ. ಟಂಟಂ ಅಥಣಿ ಕಡೆ ಹೋಗಿಯಾಗಿತ್ತು. ರಾತ್ರಿ ನನಗೆ ಫೋನ್ ಮಾಡಿ ಅತ್ತಳು. "ಕಾಕಾ, ಮುತ್ಯಾನ ಹಲಗಿ ಹೋತು. ಅದರ ಫೋಟೋ ಸುದ್ದಾ ನನ್ನ ಕಡೆ ಒಂದೇ ಐತಿ."

ನಾನು ಸಮಾಧಾನ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಯಾಕಂದ್ರ ನಮ್ಮ ಮನ್ಯಾಗ ಇದ್ದದ್ದು ಎರಡು ಹಲಗಿ. ಮೊದಲನೇದನ್ನ 1999ರಲ್ಲಿ ನಾನೇ ಒಡೆದಿದ್ದೆ.

ಆಗ ನಾನು ಬಿ.ಎ. ಓದ್ತಿದ್ದೆ. ಸಂಘಟನೆಯ ಸಭೆಗೆ ಹೋಗಿ ಬರ್ತಿದ್ದೆ. ಬಿ. ಕೃಷ್ಣಪ್ಪನವರ ಭಾಷಣದ ಮಾತುಗಳನ್ನ ಹಿರಿಯರ ಬಾಯಿಂದ ಕೇಳಿ ರಕ್ತ ಬಿಸಿಯಾಗಿತ್ತು. ಊರಾಗ ಯಾರೋ ದೊಡ್ಡವರು ಸತ್ತರು, ಅಪ್ಪನಿಗೆ ಬುಲಾವ್ ಬಂತು. ಅಪ್ಪ ಹಲಗಿ ಬೆಂಕಿಗೆ ಕಾಸಲಿಕ್ಕೆ ಕುಂತಿದ್ದ. ನಾನು ಕಸಗೊಂಡು ಕಲ್ಲಿಗೆ ಬಡಿದೆ. "ಇನ್ನ ಬಾರಸಬ್ಯಾಡ" ಅಂದೆ. ಅಪ್ಪ ಏನೂ ಅನಲಿಲ್ಲ. ಇನ್ನೊಂದು ಹಲಗಿಯನ್ನ ಅರಿವ್ಯಾಗ ಸುತ್ತಿ ಅಟ್ಟಕ್ಕ ಇಟ್ಟ. ಸಾಯೋತನಕ ಮತ್ತ ಇಳಿಸಲಿಲ್ಲ. ಅವ ಯಾಕ ಒಗೀಲಿಲ್ಲ, ಯಾಕ ಸುತ್ತಿ ಇಟ್ಟ ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಬಾರಿಸೋದು ಬಿಡಿಸಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಬಿಟ್ಟಿ ಚಾಕರಿ ಅದು. ಆದರೆ ಕೇಳದೇ ಇದ್ದದ್ದಕ್ಕೆ ಐತಿ.

ಈಗ ಆ ಹುಡುಗಿ ಬಿ.ಎ. ಮುಗಿಸ್ಯಾಳ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ. ಮನ್ಯಾಗ ಎಲ್ಲರೂ ಬಿ.ಎಡ್. ಮಾಡು ಅಂತಾರ. ಅವಳ ಪ್ರಶ್ನೆ ಬ್ಯಾರೇನೇ: "ಕಾಕಾ, ಇಂಥಾ ಸಾಮಾನು ಕಾಪಾಡಿ ಇಡೋದು, ಅದರ ಬಗ್ಗೆ ಬರೆಯೋದು ಎಲ್ಲಿ ಕಲಿಸ್ತಾರ? ಬಿ.ಎ.ದಾಗ ಮೂರು ವಿಷಯ ಕಲಸಿದ್ರು. ಎಂ.ಎ.ಗೆ ಹ್ವಾದ್ರ ಒಂದು ಹಿಡಿ, ಎರಡು ಬಿಡು ಅಂತಾರ. ಮುತ್ಯಾನ ಹಲಗಿ ಇತಿಹಾಸದಾಗ ಬರತೈತೋ, ಸಮಾಜಶಾಸ್ತ್ರದಾಗೋ, ಕನ್ನಡದಾಗೋ?"

ನಾನು ಆಫೀಸಿನ ಗುಮಾಸ್ತ. ಉತ್ತರ ಗೊತ್ತಿರಲಿಲ್ಲ. ಒಂದು ತಿಂಗಳು ಕೇಳಿ, ಓದಿ ತಿಳಕೊಂಡಿದ್ದನ್ನ ಇಲ್ಲಿ ಹೇಳ್ತೀನಿ.

ಮೊದಲು ಆ ಪ್ರಶ್ನೆಯನ್ನೇ ನೋಡೋಣ. ಒಂದು ಹಲಗಿ ತಗೋರಿ. ದುಂಡನೆ ಕಟ್ಟಿಗೆ ಬಳೆ, ಮ್ಯಾಲೆ ಎಳೆದು ಬಿಗಿದ ತೊಗಲು. ತೊಗಲು ಹದ ಮಾಡೋದು ರಸಾಯನಶಾಸ್ತ್ರ. ವಿಜಯಪುರದ ಏಪ್ರಿಲ್ ಮೇ ಬಿಸಿಲಿಗೆ ಅದು ಒಣಗಿ ಸೀಳ್ತದ, ಮಳೆಗಾಲದಾಗ ಬೂಸ್ಟು ಹಿಡೀತದ. ಕಾಪಾಡಬೇಕಂದ್ರ ಗಾಳಿಯ ತೇವ ಎಷ್ಟು, ಹುಳ ಯಾವುದು ಅಂತ ಗೊತ್ತಿರಬೇಕು. ಬಾರಿಸೋ ಗತ್ತು ಸಂಗೀತ. ಸಾವಿಗೆ ಒಂದು ಹೊಡ್ತ, ಜಾತ್ರಿಗೆ ಒಂದು, ಡಂಗುರಕ್ಕ ಒಂದು. ಯಾರು ಬಾರಿಸಬೇಕು ಅನ್ನೋದನ್ನ ಜಾತಿ ಹೇಳ್ತಿತ್ತು, ಅದು ಸಮಾಜಶಾಸ್ತ್ರ.

ಊರ ಚಾಕರಿ ಹಿಂದ ಕಾನೂನೂ ಐತಿ. ನಮ್ಮ ಜಿಲ್ಲಾ 1956ರ ತನಕ ಮುಂಬೈ ಆಡಳಿತದಾಗಿತ್ತು. ಅಲ್ಲಿ 1874ರ ವತನ ಕಾಯ್ದೆ ಇತ್ತು. ಮಹಾರ ವತನದ ಹೆಸರಿನಾಗ ನಡೆಯೋ ಬಿಟ್ಟಿ ಚಾಕರಿ ತಪ್ಪಿಸಲಿಕ್ಕೆ ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಅದಕ್ಕೆ ತಿದ್ದುಪಡಿ ಮಸೂದೆ ತಂದರು. ಏಕೀಕರಣ ಆದ ಮ್ಯಾಲೆ 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆ ಬಂತು. ಕಾಗದದಾಗ ವಂಶಪಾರಂಪರ್ಯ ಚಾಕರಿ ಮುಗೀತು. ನಮ್ಮಪ್ಪಗ ಬುಲಾವ್ ಬಂದದ್ದು 1999ರಲ್ಲಿ. ಈ ನಡುವಿನ ಅಂತರವನ್ನ ಯಾವ ಒಂದು ವಿಷಯದ ಪುಸ್ತಕವೂ ಪೂರಾ ಹೇಳೂದಿಲ್ಲ.

ಇದಕ್ಕೇ ಅಂತರ್‌ಶಿಸ್ತೀಯ ಅಧ್ಯಯನ ಅಂತಾರ. ದೊಡ್ಡ ಶಬ್ದ. ಅರ್ಥ ಇಷ್ಟೇ: ಬದುಕು ವಿಭಾಗ ನೋಡಿ ಹುಟ್ಟೂದಿಲ್ಲ, ಹಂಗಾಗಿ ಓದೂ ವಿಭಾಗದ ಗ್ವಾಡಿ ದಾಟಬೇಕು.

ಇದು ನಮಗ ಹೊಸದಲ್ಲ. ನಮ್ಮ ಬಾಬಾಸಾಹೇಬರು ಓದಿದ್ದೇ ಹಿಂಗ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮುಖ್ಯ ವಿಷಯ ಅರ್ಥಶಾಸ್ತ್ರ. ಅದರ ಜೊತೆ ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ, ರಾಜ್ಯಶಾಸ್ತ್ರದ ತರಗತಿಗಳಿಗೂ ಕುಂತರು. ಜಾತಿಯ ಹುಟ್ಟಿನ ಬಗ್ಗೆ ಅವರ ಆ ಪ್ರಸಿದ್ಧ ಪ್ರಬಂಧ ಮಂಡನೆ ಆದದ್ದು 1916ರ ಮೇ ತಿಂಗಳಲ್ಲಿ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ. ಅರ್ಥಶಾಸ್ತ್ರದ ಹುಡುಗ ಮಾನವಶಾಸ್ತ್ರದ ಕೋಣಿಗೆ ಯಾಕ ಬಂದಿ ಅಂತ ಅಲ್ಲಿ ಬಾಗಿಲು ಹಾಕಿದ್ದರೆ ನಮ್ಮ ಕೈಯಾಗ ಆ ಪ್ರಬಂಧ ಇರ್ತಿರಲಿಲ್ಲ.

ಓದಿ ಬಂದು 1917ರಲ್ಲಿ ಬರೋಡಾದಾಗ ನೌಕರಿಗೆ ಸೇರಿದರು. ಇರಲಿಕ್ಕೆ ಒಂದು ಕೋಣಿ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಬಡಿಗಿ ಹಿಡಿದವರು ಬಂದು ಹೊರಗ ಹಾಕಿದರು. ಅದೇ ಬರೋಡಾದಾಗ, ಸಯಾಜಿರಾವ್ ಮಹಾರಾಜರ ಹೆಸರಿನ ವಿಶ್ವವಿದ್ಯಾಲಯದಾಗ, 1952ರಲ್ಲಿ ಮ್ಯೂಸಿಯಂ ವಿದ್ಯೆಗೆ ಅಂತಲೇ ಒಂದು ವಿಭಾಗ ಶುರುವಾಯ್ತು. ದೇಶದಾಗ ಮೊದಲನೇದು. ದಿಲ್ಲಿಯೊಳಗ 1989ರಲ್ಲಿ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಬಂತು. ವಸ್ತು ಸಂಗ್ರಹ ಮಾಡೋದು, ದಾಖಲೆ ಬರೆಯೋದು, ಕೆಡದಂಗ ಕಾಪಾಡೋದು, ಜನರಿಗೆ ತೋರ್ಸೋದು ಎಲ್ಲಾ ಕಲಸ್ತಾರ.

ನಮ್ಮ ರಾಜ್ಯದಾಗ ದೊಡ್ಡ ಕೆಲಸ ಆಗಿಲ್ಲ ಅಂತಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಿಂದ ಐತಿ, ಈಗ ಜಯಲಕ್ಷ್ಮಿ ವಿಲಾಸದಾಗ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರದ್ದು. ಹಂಪಿ ಕನ್ನಡ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಅದಾವ. ಎಲ್ಲಾ ಗೌರವದಿಂದ ಹೇಳ್ತೀನಿ. ಆದರೆ ಬರೋಡಾ, ದಿಲ್ಲಿ, ಮೈಸೂರು ಅಂದ ಕೂಡ್ಲೇ ನಮ್ಮಣ್ಣ "ಹೆಣ್ಮಗಳನ್ನ ಅಷ್ಟು ದೂರ?" ಅಂತಾನ. ಅವ ಕೂಲಿ ಮಾಡೋ ಮನುಷ್ಯ. ಖೋಲಿ ಬಾಡಿಗಿ, ಊಟ ಎಲ್ಲಿಂದ ತರಬೇಕು?

ಹಂಗಾದ್ರ ನಮ್ಮೂರಾಗ ಏನದ ನೋಡ್ರಿ.

ವಿಜಯಪುರದಾಗ ಕರ್ನಾಟಕದ ಮೊದಲ ಮಹಿಳಾ ವಿಶ್ವವಿದ್ಯಾಲಯ ಐತಿ. 2003ರಲ್ಲಿ ಶುರುವಾಯ್ತು, 2017ರಲ್ಲಿ ಅಕ್ಕಮಹಾದೇವಿ ಹೆಸರು ಬಂತು. ಕ್ಯಾಂಪಸ್ ಇರೋದು ತೊರವಿಯೊಳಗ, ಅಥಣಿ ರೋಡಿಗೆ. ಅಂದ್ರ ತಿಕೋಟಾದಿಂದ ವಿಜಯಪುರಕ್ಕ ಬರೋ ದಾರಿ ಮ್ಯಾಲೇ. ನಮ್ಮ ಹುಡುಗಿ ಬಸ್ ಬದಲಿ ಮಾಡೋ ಜರೂರಿಲ್ಲ. ಬಬಲೇಶ್ವರದ ಹುಡುಗಿ ಊರಿಗೆ ಬಂದು ಇನ್ನೊಂದು ಬಸ್ ಹಿಡಿದ್ರ ಆಯ್ತು. 2023ರ ಜೂನ್‌ದಿಂದ ಶಕ್ತಿ ಯೋಜನೆಯೊಳಗ ಟಿಕೆಟ್ಟಿನ ರೊಕ್ಕವೂ ಇಲ್ಲ. ಮಹಿಳಾ ಅಧ್ಯಯನ, ಕನ್ನಡ, ಸಮಾಜಶಾಸ್ತ್ರ, ಪತ್ರಿಕೋದ್ಯಮ, ಕಂಪ್ಯೂಟರ್, ವಿಜ್ಞಾನ ಎಲ್ಲಾ ಒಂದೇ ಆವರಣದಾಗ ಅದಾವ.

ಅರ್ಧ ತಾಸಿನ ದಾರಿಯೊಳಗ ಗೋಳಗುಮ್ಮಟ. 1656ರದ್ದು. ಅದರ ಮುಂದಿನ ನಗಾರಖಾನೆಯೊಳಗ ಮ್ಯೂಸಿಯಂ ಐತಿ, 1892ರಲ್ಲಿ ಶುರುವಾದದ್ದು, ಈಗ ಭಾರತೀಯ ಪುರಾತತ್ವ ಇಲಾಖೆಯ ಕೈಯಾಗ. ಶಾಸನ, ವೀರಗಲ್ಲು, ಜೈನ ಮೂರ್ತಿ, ಹಸ್ತಪ್ರತಿ, ಆದಿಲಶಾಹಿ ಚಿತ್ರ, ಪಿಂಗಾಣಿ, ಆಯುಧ. ಕಲಿಯೋ ಹುಡುಗಿಗೆ ಇದಕ್ಕಿಂತ ಒಳ್ಳೆ ಸಾಲಿ ಎಲ್ಲಿ ಸಿಕ್ಕೀತು?

ಇದೇ ಊರಾಗ ಫ.ಗು. ಹಳಕಟ್ಟಿಯವರು ವಚನ ಕೂಡಿಸಿದರು. ಅವರು ವೃತ್ತಿಯಿಂದ ವಕೀಲರು. ಮನಿಮನಿ ತಿರುಗಿ ತಾಡೋಲೆ ಹುಡುಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ, 1926ರಿಂದ ಶಿವಾನುಭವ ಪತ್ರಿಕೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ, ಕಾಳವ್ವೆ ಈ ಹೆಸರುಗಳು ನಮ್ಮ ತನಕ ಬರಲಿಕ್ಕೆ ಅಂಥವರ ದುಡಿಮೆ ಕಾರಣ. ಅದಕ್ಕೆ ಕೈ ಮುಗೀತೀನಿ. ಆದರೆ ಒಂದು ಮಾತು. ತಾಡೋಲೆಗೆ ಮಠದಾಗ, ದೇವರ ಜಗಲಿ ಮ್ಯಾಲೆ ಜಾಗ ಇತ್ತು. ಕುಂಕುಮ ಹಚ್ಚಿ ಅರಿವ್ಯಾಗ ಸುತ್ತಿ ಇಡ್ತಿದ್ರು. ಹಂಗಾಗಿ ಉಳೀತು. ಕಕ್ಕಯ್ಯನ ಕುಲದವರ ತೊಗಲು ಹದ ಮಾಡೋ ಬಾನಿ, ಸಮಗಾರರ ಉಳಿ, ಬಾವಿ ನೀರು ಎತ್ತೋ ತೊಗಲಿನ ಚೀಲ, ಮಾದರ ಮನೆಯವರು ಹೊಸೆದ ಹಗ್ಗ ಇವೆಲ್ಲಾ ನೆಲದ ಮ್ಯಾಲೆ ಬಿದ್ದಿದ್ವು. ವಚನ ಉಳೀತು, ಕಸುಬಿನ ಸಾಮಾನು ಹೋತು. ಉಳಿದದ್ದು ಈಗ ಟಂಟಂದಾಗ ಹೊಂಟೈತಿ.

ಹೊಂಟದ್ದು ಎಲ್ಲಿಗೆ ಹೋಗ್ತದ? ಎರಡು ವರ್ಷದ ಹಿಂದ ಒಂದು ಕಡೆ ಪ್ರದರ್ಶನ ನೋಡಿದೆ. ಎಲ್ಲಿ ಅಂತ ಹೆಸರು ಬ್ಯಾಡ. ಗ್ವಾಡಿ ಮ್ಯಾಲೆ ಹಲಗಿ, ಅದಕ್ಕೆ ದೀಪದ ಬೆಳಕು. ಪಕ್ಕದಾಗ ಚೀಟಿ: ಹಳ್ಳಿಗರ ಸಂತೋಷದ ವಾದ್ಯ. ಅಷ್ಟೇ. ಯಾರು ಬಾರಿಸ್ತಿದ್ರು, ಬಾರಿಸಿದವರು ಎಲ್ಲಿ ನಿಂದರಬೇಕಿತ್ತು, ಕೂಲಿ ಏನು ಕೊಡ್ತಿದ್ರು ಒಂದೂ ಇಲ್ಲ. ಸತ್ತವರ ಮನಿ ಮುಂದ ಹಸಿದ ಹೊಟ್ಟ್ಯಾಗ ತಾಸುಗಟ್ಟಲೆ ಬಾರಿಸಿದ ನಮ್ಮಪ್ಪ ನೆನಪಾದ. ಸಂತೋಷದ ವಾದ್ಯ! ಬರೆದವರು ಕೆಟ್ಟವರಲ್ಲ. ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ಆ ಕುರ್ಚಿಯೊಳಗ ಇಲ್ಲ. ನನ್ನ ತಕರಾರು ಇಷ್ಟೇ.

ನಮ್ಮ ಗೆಳೆಯರೇ ಇದಕ್ಕೆ ಎದುರು ಹೇಳ್ತಾರ. "ಯಪ್ಪಾ, ಹಲಗಿ ಗುಲಾಮಗಿರಿ. ನಾವೇ ಬಿಡಿಸಿದ್ವಿ. ಈಗ ಗಾಜಿನ ಪೆಟಿಗ್ಯಾಗ ಇಟ್ಟು ಪೂಜಿ ಮಾಡೂದೇನು?" ಮಾತು ಹಗುರಿಲ್ಲ. ಆದರೆ ಅಮೆರಿಕಾದ ಕಪ್ಪು ಜನರನ್ನ ನೋಡ್ರಿ. ಅವರ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂ 2016ರಲ್ಲಿ ವಾಷಿಂಗ್ಟನ್‌ದಾಗ ತೆರೀತು. ಗುಲಾಮರ ಕಾಲಿಗೆ ಹಾಕಿದ ಕಬ್ಬಿಣದ ಬೇಡಿ ಅಲ್ಲಿಟ್ಟಾರ. ಪೂಜಿಗಲ್ಲ, ಸಾಕ್ಷಿಗೆ. ಆ ಮ್ಯೂಸಿಯಂ ಕಟ್ಟೋ ಮೊದಲೇ ಊರೂರಿಗೆ ಹೋಗಿ, ಜನ ತಂದ ಅಜ್ಜ ಅಜ್ಜಿಯರ ಸಾಮಾನು ನೋಡಿ, ಮನ್ಯಾಗೇ ಹೆಂಗ ಕಾಪಾಡಬೇಕು ಅಂತ ಹೇಳಿಕೊಟ್ರು. ಮಂದಿ ಕೊಟ್ಟದ್ದೇ ಬಹಳ. ನಮ್ಮ ದೇಶದಾಗೂ ಮಾಯಿಸಾಹೇಬರು ಕೊಟ್ಟ ಬಾಬಾಸಾಹೇಬರ ವಸ್ತುಗಳು ಪುಣೆಯ ಸಿಂಬಯಾಸಿಸ್ ಸಂಸ್ಥೆಯ ಮ್ಯೂಸಿಯಂದಾಗ ಅದಾವ. ಹೋಗಿ ನೋಡಿದವರಿಗೆ ಗೊತ್ತು, ಆ ವಸ್ತುಗಳ ಮುಂದ ನಿಂತಾಗ ಏನಾಗ್ತದ ಅಂತ. ಪುಸ್ತಕದಾಗ ಓದಿದ್ದಕ್ಕಿಂತ ಬ್ಯಾರೆ.

ಸಾಕ್ಷಿ ನಾಶ ಆದ್ರ ನಾಳೆ "ನಿಮ್ಮೂರಾಗ ಅಂಥಾದ್ದು ಏನೂ ಇರಲಿಲ್ಲ ಬಿಡ್ರಿ" ಅಂತಾರ. ಈಗಲೇ ಅನ್ನೋರು ಅದಾರ.

ಇನ್ನೊಂದು ಅನುಭವ ಹೇಳಬೇಕು. ಬಬಲೇಶ್ವರ ಕಡೆಯ ಒಬ್ಬ ಹಿರಿಯಾಕಿ. ಚಿಕ್ಕಂದಿನಾಗ ಮುತ್ತು ಕಟ್ಟಿಸಿಕೊಂಡಾಕಿ. 1982ರ ದೇವದಾಸಿ ನಿಷೇಧ ಕಾಯ್ದೆ ಬರೋ ಮೊದಲಿನ ಮಾತು. ನಾನು ಹುರುಪಿನಾಗ ಕೇಳಿದೆ: "ಯವ್ವಾ, ಆ ಮುತ್ತು ಇದ್ರ ಕೊಡ್ರಿ, ಒಂದಿನ ಮ್ಯೂಸಿಯಂದಾಗ ಇಡೋಣು." ಆಕಿ ನನ್ನ ಮಾರಿ ನೋಡಿ ಅಂದಳು: "ತಮ್ಮಾ, ಅದನ್ನ ನೋಡಿ ಮಂದಿ ಏನಂತಾರ ಅನ್ನೂದನ್ನ ನೀ ಕೇಳಲಾಕ ಬರತೀಯೇನು? ನನ್ನ ಹೆಸರು ಬರಿ, ನಾ ಅನುಭೋಗಿಸಿದ್ದು ಬರಿ. ಮುತ್ತು ಬ್ಯಾಡ." ನಾನು ತೆಪ್ಪಗ ಬಂದೆ.

ಯಾವುದನ್ನ ಕೂಡಿಸಬೇಕು, ಯಾವುದನ್ನ ಕೇಳಬಾರದು, ಒಪ್ಪಿಗೆ ಅಂದ್ರೇನು ಅನ್ನೋದು ಇಪ್ಪತ್ತೈದು ವರ್ಷ ಚಳವಳಿ ಮಾಡಿದ ನನಗೇ ತಿಳೀಲಿಲ್ಲ. ಅದಕ್ಕೂ ತರಬೇತಿ ಬೇಕು. ಮಹಿಳಾ ಅಧ್ಯಯನ ಓದಿದಾಕಿ, ಕಾನೂನು ಗೊತ್ತಿದ್ದಾಕಿ, ಆ ಓಣಿಯೊಳಗ ಬೆಳೆದಾಕಿ ಹೋಗಿ ಕುಂತಿದ್ದರೆ ಬ್ಯಾರೆ ರೀತಿ ಮಾತಾಡ್ತಿದ್ದಳು.

ಹಂಗಾದ್ರ ನನ್ನ ಬೇಡಿಕೆ ಏನು? ದೊಡ್ಡ ಕಟ್ಟಡ ಕೇಳೂದಿಲ್ಲ. ಇದ್ದದ್ದನ್ನ ಜೋಡಿಸ್ರಿ ಅಂತೀನಿ.

ಒಂದು. ಎಂ.ಎ. ಹುಡುಗಿಯರು ಬ್ಯಾರೆ ವಿಭಾಗದ ಒಂದು ಪತ್ರಿಕೆ ಓದೋ ಪದ್ಧತಿ ಈಗಾಗಲೇ ಐತಿ, ಓಪನ್ ಎಲೆಕ್ಟಿವ್ ಅಂತಾರ. ಮೊದಲ ಹೆಜ್ಜೆಯಾಗಿ ಮ್ಯೂಸಿಯಂ ತರಬೇತಿಯ ಒಂದು ಪತ್ರಿಕೆ ಎಲ್ಲಾ ವಿಭಾಗಕ್ಕೂ ತೆರೀರಿ. ಮುಂದ ಎರಡು ವರ್ಷದ ಪೂರ್ತಿ ಸ್ನಾತಕೋತ್ತರ ಕೋರ್ಸು ಮಾಡ್ರಿ, ಇತಿಹಾಸ, ಮಹಿಳಾ ಅಧ್ಯಯನ, ಸಮಾಜಶಾಸ್ತ್ರ, ಕನ್ನಡ, ರಸಾಯನಶಾಸ್ತ್ರ, ಕಂಪ್ಯೂಟರ್ ಕೂಡಿಸಿ. ಕೊನೇ ಆರು ತಿಂಗಳು ಮ್ಯೂಸಿಯಂದಾಗ ಕೈಕೆಲಸ.

ಎರಡು. ಪುರಾತತ್ವ ಇಲಾಖೆಯ ಜೊತೆ ಒಪ್ಪಂದ ಮಾಡ್ಕೊಂಡು ಆ ಹುಡುಗಿಯರನ್ನ ಗೋಳಗುಮ್ಮಟದ ಮ್ಯೂಸಿಯಂಗೆ ಕಳಸ್ರಿ. ಆರು ತಿಂಗಳು ತಿಕೋಟಾ, ಬಬಲೇಶ್ವರ ತಾಲೂಕಿನ ಹಳ್ಳಿಗಳಿಗೂ ಕಳಸ್ರಿ.

ಮೂರು. ಸ್ಟೈಪೆಂಡ್ ಕೊಡ್ರಿ. ಪರಿಶಿಷ್ಟರ ಉಪಯೋಜನೆಗೆ 2013ರ ಕಾಯ್ದೆ ಐತಿ. ರೊಕ್ಕ ಎಲ್ಲೆಲ್ಲೋ ಹರಿಯೋ ಬದಲು ಇಂಥಾದ್ದಕ್ಕೆ ಬರಲಿ. ಪುಕ್ಕಟೆ ಇಂಟರ್ನಿ ಅಂದ್ರ ಉಳ್ಳವರ ಮಕ್ಕಳು ಮಾತ್ರ ಬರ್ತಾರ.

ನಾಕು. "ನೌಕರಿ ಎಲ್ಲೈತಿ?" ಅನ್ನೋ ಅಣ್ಣನ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಬೇಕು. ರಾಜ್ಯದಾಗ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಅಂತ ಒಂದು ಇಲಾಖೆಯೇ ಐತಿ. ಖಾಲಿ ಹುದ್ದೆ ತುಂಬುವಾಗ ಹಿಂಗ ತರಬೇತಿ ಆದವರನ್ನ ರೋಸ್ಟರ್ ಪ್ರಕಾರ ತಗೋರಿ. ಹುದ್ದೆ ಇಲ್ಲದ ಕೋರ್ಸು ನಮ್ಮ ಮಕ್ಕಳಿಗೆ ಇನ್ನೊಂದು ಮೋಸ ಆಗ್ತದ, ಅದು ನನಗೂ ಗೊತ್ತು.

ಈ ಕೆಲಸ ನಮಗ ಬರೂದಿಲ್ಲ ಅಂತ ಹಿಂಜರಿಯಬ್ಯಾಡ್ರಿ. ನಾನು ಆಫೀಸಿನಾಗ ಡೆಡ್ ಸ್ಟಾಕ್ ರಜಿಸ್ಟರ್ ಬರೆಯೋ ಮನುಷ್ಯ. ಕುರ್ಚಿ, ಟೇಬಲ್, ತಿಜೋರಿಗೆ ನಂಬರ್ ಹಾಕೋದು, ಯಾವಾಗ ಬಂತು, ಎಷ್ಟು ಬೆಲೆ, ಈಗ ಹೆಂಗೈತಿ. ಮ್ಯೂಸಿಯಂದಾಗೂ ಅಂಥಾದ್ದೇ ರಜಿಸ್ಟರ್ ಇರ್ತದ. ಒಂದು ಕಾಲಂ ಹೆಚ್ಚು: ಯಾರದು, ಅವರು ಏನು ಹೇಳಿದರು. ಆ ಕಾಲಂ ತುಂಬೋ ಕೈ ನಮ್ಮದಾಗಿರಬೇಕು.

ಕೋರ್ಸು ಬರೋತನಕ ಕಾಯೂದು ಬ್ಯಾಡ. ಈಗಲೇ ಮಾಡಬಹುದಾದ್ದು ಹೇಳ್ತೀನಿ. ಹಳೇ ಸಾಮಾನು ಮಾರೋ ಮೊದಲು ಮನಿ ಹಿರಿಯರ ಮಾತು ಫೋನಿನಾಗ ರೆಕಾರ್ಡ್ ಮಾಡ್ರಿ. ನಾಕೂ ಕಡೆಯಿಂದ ಫೋಟೋ ತೆಗೀರಿ. ತೊಗಲಿನ ಸಾಮಾನಿಗೆ ಎಣ್ಣಿ ಹಚ್ಚಬ್ಯಾಡ್ರಿ, ಬಿಸಿಲಿಗೆ ಇಡಬ್ಯಾಡ್ರಿ, ಪ್ಲಾಸ್ಟಿಕ್ ಚೀಲದಾಗ ಕಟ್ಟಬ್ಯಾಡ್ರಿ. ಬಣ್ಣ ಇಲ್ಲದ ಹತ್ತಿ ಅರಿವ್ಯಾಗ ಸುತ್ತಿ ನೆಲ ಬಿಟ್ಟು ಮ್ಯಾಲೆ ಇಡ್ರಿ. ಹೆಸರು ಬರೆಯೋದಾದ್ರ ಅಂಟು ಚೀಟಿ ಬ್ಯಾಡ, ದಾರದಾಗ ಕಟ್ಟೋ ಚೀಟಿ ಇರಲಿ. ನಮ್ಮಪ್ಪ ಏನೂ ಓದದೇ ಅರ್ಧ ಸರಿ ಮಾಡಿದ್ದ. ಅರಿವ್ಯಾಗ ಸುತ್ತಿ ಅಟ್ಟದ ಮ್ಯಾಲೆ ಇಟ್ಟಿದ್ದ.

ಬರೋ ಐತವಾರದಿಂದ ನಾನು, ಅಣ್ಣನ ಮಗಳು, ಇನ್ನೂ ಮೂರು ಮಂದಿ ಕೂಡಿ ತಿಕೋಟಾದ ಓಣಿಗಳಿಂದ ಶುರು ಮಾಡ್ತೀವಿ. ಆಮ್ಯಾಲೆ ಬಬಲೇಶ್ವರ. ಸಾಮಾನು ತಗೊಳ್ಳೂದಿಲ್ಲ. ಬರೀ ಬರಕೋತೀವಿ. ವಿಶ್ವವಿದ್ಯಾಲಯಕ್ಕೆ ಕೊಡೋ ಮನವಿಗೆ ಆ ಪಟ್ಟಿಯನ್ನೇ ಲಗತ್ತಿಸ್ತೀವಿ. ಸಹಿ ಮಾಡೋರು, ಜೊತೆ ಬರೋರು ಕಮೆಂಟಿನಾಗ ಹೇಳ್ರಿ.

ಪಟ್ಟಿಯ ಮೊದಲ ಚೀಟಿ ಹುಡುಗಿ ಬರೆದಿಟ್ಟಾಳ. ವಸ್ತು ಇಲ್ಲ, ಫೋಟೋ ಅಷ್ಟೇ. ಅವಳು ಬರೆದದ್ದು ಹಿಂಗದ:

"ಹಲಗಿ. ಮಾಡಿದವರು ನನ್ನ ಮುತ್ಯಾನ ಅಪ್ಪ. ಬಾರಿಸಿದವರು ನನ್ನ ಮುತ್ಯಾ. ಊರಿನ ಸಾವು, ಜಾತ್ರಿ, ಡಂಗುರಕ್ಕೆ ಬಾರಿಸಿದರು. ಕೂಲಿ ಸುಗ್ಗಿಯಲ್ಲಿ ಜೋಳ. ಗುಡಿಯ ಒಳಗೆ ಬಿಡಲಿಲ್ಲ. 1999ರಲ್ಲಿ ಬಿಟ್ಟರು. ಇದರ ಜೋಡಿ ಹಲಗಿಯನ್ನು ನನ್ನ ಕಾಕಾ ಒಡೆದರು. ಇದನ್ನು ನನ್ನ ಅವ್ವ ನಾಲ್ಕುನೂರು ರೂಪಾಯಿಗೆ ಮಾರಿದಳು. ಎಲ್ಲಿಯಾದರೂ ಕಂಡರೆ ತಿಳಿಸಿ."

ಒಳಗಿನ ಬಳೆಗೆ ಎಡಗಡೆ ಸುಟ್ಟ ಕಲೆ ಐತಿ. ಯಾರಿಗಾದ್ರೂ ಕಂಡ್ರ ಹೇಳ್ರಿ. ರೊಕ್ಕ ಕೊಟ್ಟು ತರ್ತೀನಿ.

ಜೈ ಭೀಮ್.